ಇಚ್ಛಾಪರಿಮಾಣವೂ ಇಂಪಿನ ಯಂತ್ರವೂ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ, ಗೃಹಸ್ಥನು ಕಾಲದ ಮಿತಿಯಿಟ್ಟು ನಿಯಮ ಮಾಡಿಕೊಳ್ಳಬೇಕಾದ ವಿಷಯಗಳ ಒಂದು ಪಟ್ಟಿಯನ್ನು ಕೊಟ್ಟಿದ್ದಾರೆ. ಊಟ, ವಾಹನ, ಹಾಸಿಗೆ, ಸ್ನಾನ, ಗಂಧಲೇಪನ, ಹೂವು, ತಾಂಬೂಲ, ಉಡುಗೆ, ಒಡವೆ ಮೊದಲಾದವುಗಳ ಜೊತೆಯಲ್ಲಿ ಸಂಗೀತವೂ ಗೀತವೂ ಆ ಪಟ್ಟಿಯಲ್ಲಿ ಸೇರಿವೆ. ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಅವಧಿಯನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮವೆಂದೂ, ಜೀವವಿರುವವರೆಗೆ ಬಿಡುವುದು ಯಮವೆಂದೂ ಅವರು ವಿಂಗಡಿಸಿದ್ದಾರೆ. ಚಾತುರ್ಮಾಸ ಬಂತೆಂದರೆ ಹಸಿರು ಕಾಯಿಪಲ್ಯವನ್ನು ಬಿಡುವವರು, ರಸತ್ಯಾಗ ಮಾಡುವವರು, ಏಕಾಶನ ಹಿಡಿಯುವವರು ಮನೆಮನೆಯಲ್ಲಿಯೂ ಕಾಣುತ್ತಾರೆ. ನಾಲಗೆಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ಮನೆಗಳಲ್ಲಿಯೂ ಕಿವಿಯ ವಿಷಯದಲ್ಲಿ ನಿಯಮ ಬೇಡಿದವರು ಮಾತ್ರ ವಿರಳ. ಕಿವಿಯೂ ಒಂದು ಇಂದ್ರಿಯ, ಅದಕ್ಕೂ ಹಸಿವುಂಟು. ಆ ಹಸಿವಿಗೆ ಬಡಿಸುವ ಪಾತ್ರೆಗಳು ಈಗ ಅಂಗಡಿಗಳಲ್ಲಿ ಸಾವಿರಕ್ಕೂ ದೊರೆಯುತ್ತವೆ, ಲಕ್ಷಕ್ಕೂ ದೊರೆಯುತ್ತವೆ.

ಉದಾಹರಣೆಗಾಗಿ ಹುಬ್ಬಳ್ಳಿ-ಧಾರವಾಡದ ಕಡೆಯ ಒಬ್ಬ ನಿವೃತ್ತ ಅಧ್ಯಾಪಕರನ್ನು ಕಲ್ಪಿಸಿಕೊಳ್ಳಬಹುದು. ಅವರ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ದಿವಂಗತ ಅಣ್ಣನವರು ಕೂಡಿಟ್ಟ ನಲವತ್ತು ಎಲ್.ಪಿ. ತಟ್ಟೆಗಳಿವೆ; ಮಲ್ಲಿಕಾರ್ಜುನ ಮನಸೂರರದು, ಗಂಗೂಬಾಯಿ ಹಾನಗಲ್ಲರದು, ಭೀಮಸೇನ ಜೋಶಿಯವರದು, ಕುಮಾರ ಗಂಧರ್ವರದು. ಅವುಗಳನ್ನು ನುಡಿಸುತ್ತಿದ್ದ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾಗಿವೆ. ಅಣ್ಣನ ತಟ್ಟೆಗಳನ್ನು ಒಮ್ಮೆಯಾದರೂ ಚೆನ್ನಾಗಿ ಕೇಳಬೇಕೆಂಬುದು ಅಧ್ಯಾಪಕರ ಬಹುದಿನದ ಆಸೆ. ಆದರೆ ಕಳೆದ ದಶಲಕ್ಷಣ ಪರ್ವದಲ್ಲಿ ಅವರು ಒಂದು ನಿಯಮ ಹಿಡಿದಿದ್ದಾರೆ: ಒಂದು ವರ್ಷದ ಅವಧಿಯಲ್ಲಿ ಉಪಭೋಗದ ಹೊಸ ವಸ್ತುಗಳಿಗಾಗಿ 45,000 ರೂಪಾಯಿಗಳಿಗಿಂತ ಹೆಚ್ಚು ವೆಚ್ಚ ಮಾಡಲಾಗದು. ಈ ಮೊತ್ತದೊಳಗೆ ಒಳ್ಳೆಯ ಹೈ-ಫೈ ದೊರೆಯುವುದೆ ಎಂಬುದು ಪೇಟೆಯ ಪ್ರಶ್ನೆ. ದೊರೆಯದಿದ್ದರೆ ಏನು ಮಾಡತಕ್ಕದ್ದು ಎಂಬುದು ವ್ರತದ ಪ್ರಶ್ನೆ. ಮೊದಲನೆಯದಕ್ಕೆ ಸರಿಯಾದ ಉತ್ತರ ಹುಡುಕುತ್ತ ಹೋದವನಿಗೆ ಎರಡನೆಯದರ ಅರ್ಧ ಉತ್ತರ ದಾರಿಯಲ್ಲಿಯೇ ಸಿಗುತ್ತದೆ ಎಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಪೇಟೆಯ ಭಾಷೆಯಲ್ಲಿ ಮಿತಿಯೆಂದರೆ ಕೊರತೆ. ‘ನಿಮ್ಮ ಬಜೆಟ್ ಎಷ್ಟು ಸರ್?’ ಎಂದು ಅಂಗಡಿಯವನು ಕೇಳುವಾಗ, ಆ ಅಂಕಿಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಳ್ಳುವುದು ತನ್ನ ಕೆಲಸವೆಂದು ಅವನಿಗೆ ಗೊತ್ತಿರುತ್ತದೆ. ಸಮಂತಭದ್ರರು ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಹೇಳಿದ್ದಾರೆ. ಈ ಎರಡನೆಯ ಹೆಸರು ಬಹಳ ಮುಖ್ಯವಾದುದು. ಹಣದ ಚೀಲಕ್ಕೆ ಮಿತಿ ಇರುವವನು ಚೀಲ ತುಂಬಿದ ದಿನ ಮತ್ತೆ ಅಂಗಡಿಗೆ ಬರುತ್ತಾನೆ. ಇಚ್ಛೆಗೆ ಮಿತಿಯಿಟ್ಟವನು ಬರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರ ಕೈಯಲ್ಲಿಯೂ ಅದೇ 45,000 ರೂಪಾಯಿ.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಾಮಾಣಿಕತೆಯ ಮಾತು ತೀರಬೇಕು. ಇಂತಹ ಯಂತ್ರವನ್ನು ಕೊಳ್ಳುವ ಧರ್ಮಬುದ್ಧಿಯ ಗೃಹಸ್ಥರು ಸಾಮಾನ್ಯವಾಗಿ ಕೊಡುವ ಕಾರಣವೆಂದರೆ, ಮನೆಯಲ್ಲಿ ಪ್ರವಚನ ಕೇಳಬಹುದು, ಪೂಜೆಯ ಹಾಡುಗಳನ್ನು ಕೇಳಬಹುದು ಎಂಬುದು. ಮಾತು ತಿಳಿಯುವುದಕ್ಕೆ ಬೇಕಾದ ನಾದದ ಹರವು ಬಹಳ ಕಿರಿದು. ಹಳೆಯ ಟೆಲಿಫೋನಿನ ತಂತಿಗಳು ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿದ್ದವು. ಅಷ್ಟರಲ್ಲಿಯೇ ಜನರು ಮದುವೆ ನಿಶ್ಚಯಿಸಿದರು, ವ್ಯಾಪಾರ ಮಾಡಿದರು, ಅತ್ತರು, ನಕ್ಕರು. ಮುನಿಮಹಾರಾಜರ ಪ್ರವಚನವನ್ನು ಅರ್ಥಮಾಡಿಕೊಳ್ಳುವುದಕ್ಕೆ ಅಂಗೈಯಗಲದ ರೇಡಿಯೋ ಧಾರಾಳವಾಗಿ ಸಾಕು. ಮನುಷ್ಯನ ಕಿವಿ ಹಿಡಿಯಬಲ್ಲ 20ರಿಂದ 20,000 ಕಂಪನಗಳ ಪೂರ್ಣ ಹರವನ್ನು ಕೊಡುತ್ತೇನೆನ್ನುವ ಯಂತ್ರವನ್ನು ಬಯಸುವವನು ತಂಬೂರಿಯ ಝೇಂಕಾರವನ್ನೂ ತಬಲಾದ ಎಡಗೈಯ ಗುಂಗನ್ನೂ ಬಯಸುತ್ತಾನೆ. ಅಂದರೆ ಸುಖವನ್ನು ಬಯಸುತ್ತಾನೆ. ಬಯಸಬಾರದೆಂದೇನೂ ಇಲ್ಲ, ಅಣುವ್ರತಿಯು ಮಹಾವ್ರತಿಯಲ್ಲ. ಆದರೆ ಸುಖದ ವಸ್ತುವನ್ನು ಸುಖದ ವಸ್ತುವೆಂದೇ ಲೆಕ್ಕದಲ್ಲಿ ಬರೆಯಬೇಕು. ಧರ್ಮಸಾಧನವೆಂಬ ಕಾಲಮಿನಲ್ಲಿ ಬರೆದರೆ ಪರಿಗ್ರಹದ ಲೆಕ್ಕದ ಜೊತೆಗೆ ಸತ್ಯಾಣುವ್ರತದ ಲೆಕ್ಕವೂ ಕೆಡುತ್ತದೆ.

ಸುಖವೆಂದಾದ ಮೇಲೆ ಅದು ಭೋಗವೋ ಉಪಭೋಗವೋ? ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸಲಾಗುವುದು ಉಪಭೋಗ, ಬಟ್ಟೆಯಂತೆ. ಸಮಂತಭದ್ರರ ಕಾಲದಲ್ಲಿ ಹಾಡು ನಿಸ್ಸಂದೇಹವಾಗಿ ಭೋಗದ ಕಡೆಗಿತ್ತು. ಹಾಡುಗಾರನು ಬಾಯಿ ಮುಚ್ಚಿದೊಡನೆ ಹಾಡು ತೀರಿತು. ನಾಳೆ ಹಾಡಿದರೆ ಅದು ನಾಳೆಯ ಹಾಡು. 1877ರಲ್ಲಿ ಅಮೇರಿಕೆಯ ಎಡಿಸನ್ ಫೋನೋಗ್ರಾಫನ್ನು ಮಾಡಿದಂದಿನಿಂದ ಈ ಗಡಿ ಅಳಿಸಿತು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದುದನ್ನು ಅವರು ತೀರಿಕೊಂಡು ಒಂಬತ್ತು ದಶಕಗಳು ಕಳೆದ ಮೇಲೂ ಕೇಳಬಹುದಾಗಿದೆ. ಉಂಡ ಅನ್ನವನ್ನು ಮತ್ತೆ ಮತ್ತೆ ಉಣ್ಣುವ ಉಪಾಯವೊಂದು ಸಿಕ್ಕಿದ್ದರೆ ಆಚಾರ್ಯರು ಆಹಾರದ ನಿಯಮಗಳನ್ನು ಹೇಗೆ ಬರೆಯುತ್ತಿದ್ದರೋ! ಧ್ವನಿಮುದ್ರಣವು ಭೋಗವನ್ನು ಉಪಭೋಗವಾಗಿ ಮಾರ್ಪಡಿಸಿದ ಸಾಧನ. ಆದುದರಿಂದ ಅದಕ್ಕೆ ಎರಡರ ಎಚ್ಚರವೂ ಬೇಕು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಶಬ್ದವನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿದ್ದಾರೆ. ನ್ಯಾಯ-ವೈಶೇಷಿಕರು ಅದನ್ನು ಆಕಾಶದ ಗುಣವೆಂದರು. ಗ್ರಾಮಾಫೋನನ್ನು ಮುಂದಿಟ್ಟುಕೊಂಡು ಈ ವಾದದಲ್ಲಿ ಜೈನರ ಜಯವನ್ನು ಸಾರುವ ಉಪನ್ಯಾಸಕರುಂಟು. ಅಷ್ಟು ಅವಸರ ಬೇಡ. ತಟ್ಟೆಯ ಗೆರೆಯಲ್ಲಿ ಉಳಿದಿರುವುದು ಶಬ್ದವಲ್ಲ, ಶಬ್ದವು ಸೂಜಿಯನ್ನು ಅಲುಗಿಸಿದ ಗುರುತು. ಅದೇ ತಟ್ಟೆಯ ಇನ್ನೊಂದು ಸಂಗತಿ ಶ್ರಾವಕರಿಗೆ ಹೆಚ್ಚು ಹತ್ತಿರದ್ದು. 78 ಸುತ್ತಿನ ಹಳೆಯ ತಟ್ಟೆಗಳ ದ್ರವ್ಯವನ್ನು ಹಿಡಿದಿಡುತ್ತಿದ್ದುದು ಅರಗು. ಅರಗೆಂದರೆ ಕೀಟಗಳ ಸ್ರಾವ. ಅದನ್ನು ಕೊಂಬೆಗಳಿಂದ ಕೆರೆದು ತೆಗೆಯುವಾಗ ಅಸಂಖ್ಯಾತ ಜೀವಿಗಳು ಸಾಯುತ್ತವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹೇಳಿದ ಖರಕರ್ಮಗಳಲ್ಲಿ ಅರಗಿನ ವ್ಯಾಪಾರವೂ ಒಂದು. ಅಜ್ಜಂದಿರ ಕಾಲದಲ್ಲಿ ಭಕ್ತಿಗೀತೆಯ ತಟ್ಟೆಯನ್ನು ಪೂಜ್ಯಭಾವದಿಂದ ಕೊಂಡವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ! 1948ರಲ್ಲಿ ಅಮೇರಿಕೆಯಲ್ಲಿ ಬಂದ ಎಲ್.ಪಿ. ತಟ್ಟೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅಧ್ಯಾಪಕರ ಟ್ರಂಕಿನಲ್ಲಿರುವವು ಈ ಜಾತಿಯವಾದುದರಿಂದ ಆ ತೊಡಕು ಅವರಿಗಿಲ್ಲ.

ಈಗ ‘ಒಳ್ಳೆಯ’ ಯಂತ್ರವೆಂಬ ಮಾತಿಗೆ ಬರಬೇಕು. ಹೈ-ಫೈ ಎಂಬುದು ‘ಹೈ ಫಿಡೆಲಿಟಿ’ ಎಂಬುದರ ಕಿರುರೂಪ. ಫಿಡೆಲಿಟಿಯೆಂದರೆ ನಿಷ್ಠೆ. ಮೂಲದ ಧ್ವನಿಗೆ ಏನನ್ನೂ ಸೇರಿಸದೆ, ಏನನ್ನೂ ಕಳೆಯದೆ ಒಪ್ಪಿಸುವುದು ಆ ನಿಷ್ಠೆ. ವ್ಯಾಪಾರದ ಪದವೊಂದರಲ್ಲಿ ಸತ್ಯವ್ರತದ ಛಾಯೆ ಇರುವುದು ಆಶ್ಚರ್ಯವೇ ಸರಿ. ಲೋಭಕ್ಕೆ ಇದರಷ್ಟು ಗೌರವದ ವೇಷವೂ ಇನ್ನೊಂದಿಲ್ಲ. ಸೀರೆಯನ್ನು ಬದಲಾಯಿಸುವವಳಿಗೆ ಚಪಲವೆಂಬ ಹೆಸರು ಬರುತ್ತದೆ. ವರ್ಷಕ್ಕೊಮ್ಮೆ ಸ್ಪೀಕರ್ ಬದಲಾಯಿಸುವವನು ತಾನು ಸತ್ಯದ ಸಮೀಪಕ್ಕೆ ಹೋಗುತ್ತಿದ್ದೇನೆಂದು ಹೇಳಿಕೊಳ್ಳುತ್ತಾನೆ. ನಿಷ್ಠೆಯು ಎಷ್ಟು ಪೂರ್ಣವಾಗಿದ್ದರೆ ಸಂಗೀತವು ಮುಟ್ಟೀತು? ಇದಕ್ಕೆ ಗದುಗಿನ ಕಡೆಯ ಒಂದು ಪ್ರಸಿದ್ಧ ಸಂಗತಿ ಸಾಕ್ಷಿಯಾಗುತ್ತದೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಅಂಗಡಿಯೊಂದರಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆ ಬಿಟ್ಟು ಗುರುವನ್ನು ಅರಸಿ ಹೊರಟರು. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡು. ಮಂದ್ರದ ನಾದಗಳೂ ತಾರದ ಸೂಕ್ಷ್ಮಗಳೂ ಹೆಚ್ಚಿನಂಶ ಹೊರಗೆ ಉಳಿಯುತ್ತಿದ್ದವು. ಉಳಿದುದರ ಮೇಲೆ ಸೂಜಿಯ ಕರಕರ ಸದ್ದು. ಇಷ್ಟೆಲ್ಲ ಕಳೆದುಹೋದ ಮೇಲೂ ಹನ್ನೊಂದು ವರ್ಷದ ಹುಡುಗನನ್ನು ಮನೆ ಬಿಡಿಸುವಷ್ಟು ಏನೋ ಅದರಲ್ಲಿ ಉಳಿದಿತ್ತು.

ಇದರಿಂದ ಯಂತ್ರ ಎಂತಹದಾದರೂ ಆದೀತೆಂದು ತಿಳಿಯಬಾರದು. ಅತಿ ಅಗ್ಗದ ತಟ್ಟೆಯಂತ್ರಗಳಲ್ಲಿ ಸೂಜಿಯು ತಟ್ಟೆಯ ಮೇಲೆ ಐದಾರು ಗ್ರಾಂ ಭಾರ ಬಿಡುವುದುಂಟು. ಒಳ್ಳೆಯವುಗಳಲ್ಲಿ ಎರಡು ಗ್ರಾಮಿನ ಆಸುಪಾಸು. ಭಾರದ ಸೂಜಿಯು ಪ್ರತಿ ಸಲವೂ ಗೆರೆಯನ್ನು ಸವೆಸುತ್ತದೆ. ಅಣ್ಣನ ತಟ್ಟೆಗಳನ್ನು ಕೇಳುವ ಆಸೆಯಿಂದ ಅವುಗಳನ್ನು ಕೆಡಿಸುವುದು ವಿವೇಕವಲ್ಲ. ಮಿತವ್ಯಯವೂ ಜಿಪುಣತನವೂ ಒಂದೇ ಅಲ್ಲ. ವ್ರತವು ಕೇಳುವುದು ಮೊದಲನೆಯದನ್ನು.

ಅಧ್ಯಾಪಕರು ಮಗನೊಡನೆ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕಾದಿರುವುದು ವಿಸ್ಮಯ. ಪರಿಗ್ರಹ ಪರಿಮಾಣದ ಐದು ಅತಿಚಾರಗಳನ್ನು ಸಮಂತಭದ್ರರು ಹೇಳುವಾಗ ಅತಿವಾಹನ, ಅತಿಸಂಗ್ರಹ, ಅತಿಲೋಭ, ಅತಿಭಾರವಾಹನಗಳ ನಡುವೆ ವಿಸ್ಮಯವನ್ನೂ ಇಟ್ಟಿದ್ದಾರೆ. ಇತರರ ಸಂಪತ್ತನ್ನು ಕಂಡು ಬೆರಗಾಗುವುದು ಹೇಗೆ ದೋಷವಾದೀತು, ಅದರಿಂದ ಕೈಯೊಳಗಿನ ಒಂದು ಕಾಸೂ ಹೆಚ್ಚುವುದಿಲ್ಲವಲ್ಲ, ಎಂದು ಕೆಲವರಿಗೆ ಅನ್ನಿಸಬಹುದು. ಅವರು ಹೈ-ಫೈ ಅಂಗಡಿಯ ಒಳಕೋಣೆಯಲ್ಲಿ ಅರ್ಧಗಂಟೆ ಕುಳಿತು ಬರಬೇಕು. ಮಂದ ಬೆಳಕು, ಮೆತ್ತನೆಯ ಸೋಫಾ, ಎದೆಯೆತ್ತರದ ಸ್ಪೀಕರುಗಳು. ಮೊದಲು ಸಣ್ಣದನ್ನು ಕೇಳಿಸುತ್ತಾರೆ, ಆಮೇಲೆ ದೊಡ್ಡದನ್ನು. ದೊಡ್ಡದು ತುಸು ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ. ಕಿವಿಯು ಗಟ್ಟಿಯಾದುದನ್ನೇ ಚೆಲುವಾದುದೆಂದು ಭ್ರಮಿಸುತ್ತದೆ. ಎರಡರ ಗಟ್ಟಿತನವನ್ನು ಸರಿಸಮ ಮಾಡದೆ ನಡೆಸಿದ ಹೋಲಿಕೆಗೆ ಬೆಲೆಯಿಲ್ಲ. ಕಣ್ಣಿನ ಪಾಲೂ ಇದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ಸ್ಪೀಕರುಗಳನ್ನು ಕೇಳುಗರಿಗೆ ತೆರೆಯ ಹಿಂದಿಟ್ಟು ಒಮ್ಮೆ, ಕಾಣುವಂತಿಟ್ಟು ಒಮ್ಮೆ ಕೇಳಿಸಿ ಅಭಿಪ್ರಾಯ ಪಡೆದರು. ಕಾಣುವಂತಿಟ್ಟಾಗ ದೊಡ್ಡದಾಗಿ ದುಬಾರಿಯಾಗಿ ತೋರುವವುಗಳ ಅಂಕ ಏರಿತು. ಚಿಕ್ಕದಾದ ಅಗ್ಗದ ಜೋಡಿಯ ಅಂಕ ಇಳಿಯಿತು. ಧ್ವನಿಯಲ್ಲಿ ಏನೂ ಬದಲಾಗಿರಲಿಲ್ಲ. ವಿಸ್ಮಯವು ಕಿವಿಯನ್ನೇ ಬದಲಾಯಿಸಿತ್ತು. ವಿಸ್ಮಯವನ್ನು ಅತಿಚಾರಗಳಲ್ಲಿ ಸೇರಿಸಿದವರ ದೃಷ್ಟಿ ಎಷ್ಟು ಸೂಕ್ಷ್ಮವಾದುದೆಂದು ಇಲ್ಲಿ ತಿಳಿಯುತ್ತದೆ.

ಆಂಪ್ಲಿಫೈಯರಿನ ‘ವ್ಯಾಟ್’ ಎಂಬ ಅಂಕಿಯದೂ ಇದೇ ಕಥೆ. ನೂರು ವ್ಯಾಟಿನದು ಐವತ್ತು ವ್ಯಾಟಿನದಕ್ಕಿಂತ ಎರಡು ಪಾಲು ಗಟ್ಟಿಯೆಂದು ಜನ ನಂಬುತ್ತಾರೆ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಧ್ವನಿ ಏರುವುದು ಮೂರು ಡೆಸಿಬೆಲ್ ಮಾತ್ರ. ಅದು ಕಿವಿಗೆ ಗೊತ್ತಾಗುವ, ಆದರೆ ದೊಡ್ಡದಲ್ಲದ ವ್ಯತ್ಯಾಸ. ಎರಡು ಪಾಲು ಗಟ್ಟಿಯಾಗಿ ಕೇಳಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಮನೆಯ ಕೋಣೆಯಲ್ಲಿ ಸಾಧಾರಣ ಮಟ್ಟದಲ್ಲಿ ಕೇಳುವಾಗ ಬಹುಪಾಲು ಹೊತ್ತು ಖರ್ಚಾಗುವುದು ಒಂದೆರಡು ವ್ಯಾಟ್. 1978ರಲ್ಲಿ ಬಂದ ಎನ್.ಎ.ಡಿ. 3020 ಎಂಬ ಆಂಪ್ಲಿಫೈಯರಿಗೆ ತಯಾರಕರು ಹೇಳಿದ ಶಕ್ತಿ ಇಪ್ಪತ್ತು ವ್ಯಾಟ್. ಸರಳವಾದ ಬೂದುಬಣ್ಣದ ಪೆಟ್ಟಿಗೆ, ಅಗ್ಗದ ಬೆಲೆ. ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದವುಗಳ ಜೊತೆಯಲ್ಲಿಟ್ಟು ಜಗತ್ತಿನಾದ್ಯಂತ ಕೇಳುಗರು ಅದನ್ನು ಮೆಚ್ಚಿದರು. ಇನ್ನು 20,000 ಕಂಪನಗಳವರೆಗೆ ನುಡಿಯುತ್ತದೆಂದು ಹೆಚ್ಚು ಹಣ ತೆತ್ತವನಿಗೆ ಅರವತ್ತು ದಾಟಿದ್ದರೆ, ಹನ್ನೆರಡು ಸಾವಿರದ ಮೇಲಿನವು ಬಹುಮಟ್ಟಿಗೆ ಮೊಮ್ಮಕ್ಕಳ ಪಾಲು. ಇದನ್ನು ಅಂಗಡಿಯವನು ಹೇಳುವುದಿಲ್ಲ. ಅವನ ಮೇಲೆ ಸಿಟ್ಟಾಗಬೇಕಾದ್ದೂ ಇಲ್ಲ.

ಹಾಗಾದರೆ ಹಣವನ್ನು ಎಲ್ಲಿ ಇಡತಕ್ಕದ್ದು? ಒಂದು ಬಗೆಯ ಚಲನೆಯನ್ನು ಇನ್ನೊಂದು ಬಗೆಯದಾಗಿ ಮಾರ್ಪಡಿಸುವ ಎರಡು ತುದಿಗಳಲ್ಲಿ ದೋಷ ಹೆಚ್ಚು: ಗೆರೆಯ ಅಲುಗಾಟವನ್ನು ವಿದ್ಯುತ್ತಾಗಿಸುವ ಸೂಜಿ ಒಂದು, ವಿದ್ಯುತ್ತನ್ನು ಗಾಳಿಯ ಅಲುಗಾಟವಾಗಿಸುವ ಸ್ಪೀಕರ್ ಇನ್ನೊಂದು. ನಡುವಿನ ಆಂಪ್ಲಿಫೈಯರಿನ ಕೆಲಸ ಬಹಳ ಕಾಲದ ಹಿಂದೆಯೇ ಹದಕ್ಕೆ ಬಂದಿದೆ. ಮೂಲದಲ್ಲಿ ಕಳೆದುದನ್ನು ಮುಂದೆ ಯಾವುದೂ ತುಂಬಿಕೊಡಲಾರದೆಂದು ತಟ್ಟೆಯಂತ್ರಕ್ಕೇ ಹೆಚ್ಚು ಹಣ ಹಾಕಿಸುವ ವಾದವನ್ನು 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಎಂಬ ತಯಾರಕರು ಹೂಡಿದರು. ತರ್ಕ ಸರಿ; ಆದರೆ ತಟ್ಟೆಯಂತ್ರವನ್ನು ಮಾರುವವರ ಬಾಯಲ್ಲಿ ಬಂದ ತರ್ಕವೆಂಬುದನ್ನೂ ಗಮನಿಸಬೇಕು. ಕಡಮೆ ಮೊತ್ತದಲ್ಲಿ ಸ್ಪೀಕರಿಗೆ ದೊಡ್ಡ ಪಾಲು, ಸೂಜಿ-ಯಂತ್ರಕ್ಕೆ ಅದರ ನಂತರದ್ದು, ಆಂಪ್ಲಿಫೈಯರಿಗೆ ಉಳಿದುದು ಎಂಬುದೇ ಹೆಚ್ಚು ಸುರಕ್ಷಿತ. ತಂತಿಯ ವಿಷಯದಲ್ಲಿ ಕೆಲವು ಅಡಿಗಳ ದೂರಕ್ಕೆ ಸಾಕಷ್ಟು ದಪ್ಪವಿರುವ ಸಾಧಾರಣ ತಾಮ್ರದ ತಂತಿ ಸಾಕು. ಅದಕ್ಕೆ ರೇಷ್ಮೆಯ ಹೊದಿಕೆ ಹಾಕಿ ಬಂಗಾರದ ಬೆಲೆಗೆ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಧ್ವನಿಯನ್ನು ತಿದ್ದುವುದೂ ಕೆಡಿಸುವುದೂ ಕೋಣೆ. ಸುಮಾರು ಹನ್ನೊಂದು ಅಡಿ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ 50ರಷ್ಟು ಕಂಪನಗಳ ಮಂದ್ರನಾದವು ಎದುರುಬದುರಿನ ಗೋಡೆಗಳ ನಡುವೆ ಸಿಲುಕಿ ನಿಂತ ಅಲೆಯಾಗುತ್ತದೆ; ಒಂದೆಡೆ ಕುಳಿತವನಿಗೆ ಗುಡುಗು, ಇನ್ನೊಂದೆಡೆ ಕುಳಿತವನಿಗೆ ಶೂನ್ಯ. ಸ್ಪೀಕರನ್ನು ಮೂಲೆಗೆ ಒತ್ತಿದರೆ ಮಂದ್ರ ಉಬ್ಬುತ್ತದೆ, ಎರಡಡಿ ಮುಂದಕ್ಕೆ ಎಳೆದರೆ ತಿಳಿಯಾಗುತ್ತದೆ. ಎರಡು ಸ್ಪೀಕರುಗಳೂ ಕೇಳುವವನ ಪೀಠವೂ ಸಮಭುಜ ತ್ರಿಕೋನದ ಮೂರು ಮೂಲೆಗಳಂತಿರಬೇಕು. ನೆಲಕ್ಕೆ ಜಮಖಾನೆ, ಬೋಳುಗೋಡೆಗೆ ಪುಸ್ತಕದ ಕಪಾಟು. ಲಕ್ಷ ರೂಪಾಯಿಯ ಯಂತ್ರವನ್ನು ಕಲ್ಲುಹಾಸಿನ ಬರಿಕೋಣೆಯ ಮೂಲೆಯಲ್ಲಿಟ್ಟವನಿಗಿಂತ, ಈ ಶ್ರಮ ವಹಿಸಿದ ಬಡವನಿಗೆ ಸತ್ಯವಾದ ಧ್ವನಿ ಕೇಳಿಸುತ್ತದೆ. ಈ ಶ್ರಮಕ್ಕೆ ಕಾಸು ಬೇಕಿಲ್ಲ. ನಾಲ್ಕು ರವಿವಾರ ಬೇಕು, ಒಂದೊಂದು ಗೇಣು ಸರಿಸಿ ಕೇಳುವ ತಾಳ್ಮೆ ಬೇಕು. ಅತಿಲೋಭಕ್ಕೆ ಇಲ್ಲದಿರುವುದು ಈ ತಾಳ್ಮೆ.

ಅಂಗಡಿಯಲ್ಲಿ ಮಗನ ಮನಸ್ಸು 65,000 ರೂಪಾಯಿಯ ಒಂದು ಜೋಡಣೆಯ ಮೇಲೆ ನಿಂತಿದೆ. ಅವನದು ಲೋಭವಲ್ಲ, ಪ್ರೀತಿ. ‘ಅಪ್ಪಾಜಿ, ಮೇಲಿನ ಇಪ್ಪತ್ತು ಸಾವಿರ ನಾನು ಕೊಡುತ್ತೇನೆ. ವಸ್ತು ನನ್ನ ಹೆಸರಿನಲ್ಲಿರಲಿ, ನಿಮ್ಮ ನಿಯಮಕ್ಕೆ ಬಾಧೆಯಿಲ್ಲ’ ಎನ್ನುತ್ತಾನೆ. ಅಂಗಡಿಯವನು ಇನ್ನೊಂದು ದಾರಿ ತೋರಿಸುತ್ತಾನೆ: ಈಗ ಸ್ವಲ್ಪ ಕಟ್ಟಿ, ಉಳಿದುದು ಕಂತಿನಲ್ಲಿ, ಇಲ್ಲವೆ ಮುಂಗಡ ಕೊಟ್ಟು ಕಾದಿರಿಸಿ, ಪರ್ವ ಕಳೆದ ಮೇಲೆ ಒಯ್ಯಿರಿ.

ಈ ಮೂರು ಉಪಾಯಗಳೂ ಹೊಸವೆಂದು ಅವರಿಬ್ಬರೂ ತಿಳಿದಿದ್ದಾರು. ಎಂಟು ಶತಮಾನಗಳ ಹಿಂದೆ ಆಶಾಧರರು ಇವುಗಳ ಹಳೆಯ ರೂಪಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ. ಇಷ್ಟೇ ಮನೆ, ಇಷ್ಟೇ ಹೊಲವೆಂದು ಪ್ರಮಾಣ ಮಾಡಿದವನು ಪಕ್ಕದ್ದನ್ನು ಕೊಂಡು ನಡುವಿನ ಗೋಡೆಯನ್ನೋ ಬದುವನ್ನೋ ತೆಗೆದು ‘ಈಗಲೂ ಒಂದೇ’ ಎಂದು ಎಣಿಸುವುದು. ಧಾನ್ಯದ ಮಿತಿ ಮುಟ್ಟಿದವನು ಹೆಚ್ಚಿನದನ್ನು ಮಾತುಕಟ್ಟಿ ಮಾರುವವನ ಮನೆಯಲ್ಲಿಯೇ ಬಿಟ್ಟು ಅವಧಿ ತೀರಿದ ಮೇಲೆ ತರುವುದು. ಬಂಗಾರದ ಮಿತಿ ಮೀರಿದವನು ಮೀರಿದುದನ್ನು ಇನ್ನೊಬ್ಬರ ಕೈಗೆ ಕೊಟ್ಟಿಡುವುದು. ಮಗನ ಹೆಸರು, ಮುಂಗಡ, ಕಂತು ಎಲ್ಲವೂ ಆ ಶ್ಲೋಕದ ನೆರಳಿನಲ್ಲಿಯೇ ಇವೆ. ಇವುಗಳನ್ನು ಅನಾಚಾರವೆನ್ನದೆ ಅತಿಚಾರವೆಂದುದರಲ್ಲಿಯೂ ಒಂದು ಕರುಣೆಯಿದೆ. ಹೀಗೆ ಮಾಡುವವನು ವ್ರತವನ್ನು ಮುರಿಯಬಯಸುವವನಲ್ಲ. ಅವನಿಗೆ ವ್ರತವೂ ಬೇಕು, ವಸ್ತುವೂ ಬೇಕು. ಅಕ್ಷರಗಳು ಉಳಿದರೆ ವ್ರತ ಉಳಿಯಿತೆಂದು ಅವನು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ ಹುಡುಕಿದುದು ಇಂತಹ ಸಂದರ್ಭಕ್ಕಾಗಿಯೇ. ರಸೀದಿಯ ಮೇಲಿನ ಹೆಸರನ್ನು ಬದಲಾಯಿಸಬಹುದು. ಮೂರ್ಛೆಯ ಹೆಸರನ್ನು ಬದಲಾಯಿಸುವುದು ಹೇಗೆ?

ಮಗನು ತನ್ನ ಬೆಂಗಳೂರಿನ ಮನೆಗೆ ತನ್ನ ಹಣದಿಂದ ಬೇಕಾದುದನ್ನು ಕೊಳ್ಳಬಹುದು. ಅಪ್ಪ ಅಲ್ಲಿಗೆ ಹೋದಾಗ ಕುಳಿತು ಕೇಳಬಹುದು. ಅದರಲ್ಲಿ ದೋಷವಿಲ್ಲ. ನಿಯಮದ ಅವಧಿ ಮುಗಿಯುವವರೆಗೆ ಏನನ್ನೂ ಕಾದಿರಿಸದೆ ಸುಮ್ಮನಿದ್ದು, ಆಮೇಲೆ ಹೊಸ ಮನಸ್ಸಿನಿಂದ ಹೊಸ ಪ್ರಮಾಣ ಮಾಡುವುದೂ ನ್ಯಾಯವೇ. ಬೆಲೆಗಳು ಏರಿದುವೆಂದು ಪ್ರಮಾಣವನ್ನು ನಡುದಾರಿಯಲ್ಲಿ ಏರಿಸುವುದು ಮಾತ್ರ ಸಲ್ಲದು. ಬೆಲೆ ಏರುವುದು ಪ್ರಮಾಣ ಮಾಡಿದ ದಿನವೂ ಗೊತ್ತಿದ್ದ ಸಂಗತಿ. ಅಧ್ಯಾಪಕರು ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಹೆಸರು ನಿನ್ನದಾದರೂ ಕಿವಿ ನನ್ನದಲ್ಲವೆ?’ ಎಂದರು. ಮಗ ನಕ್ಕು ಸುಮ್ಮನಾದ.

ಕೊನೆಗೆ ಮನೆಗೆ ಬಂದದ್ದು ಹೀಗೆ: ಕಪಾಟಿನ ಮೇಲಿಡುವಂತಹ ಚಿಕ್ಕ ಸ್ಪೀಕರುಗಳ ಜೋಡಿ 19,000 ರೂಪಾಯಿ, ಹಗುರ ಸೂಜಿಯ ತಟ್ಟೆಯಂತ್ರ 15,000, ಹುಬ್ಬಳ್ಳಿಯ ರಿಪೇರಿಯವನೊಬ್ಬನು ಸರಿಪಡಿಸಿಟ್ಟಿದ್ದ ಹಳೆಯ ಆಂಪ್ಲಿಫೈಯರ್ 8,000, ತಂತಿ ಮತ್ತು ಸ್ಪೀಕರಿನ ಕೆಳಗಿಡುವ ಮರದ ಸ್ಟೂಲುಗಳಿಗೆ 1,500. ಹಳೆಯ ಆಂಪ್ಲಿಫೈಯರುಗಳಲ್ಲಿ ತಟ್ಟೆಯಂತ್ರದ ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವ ಫೋನೋ ದಾರಿಯು ಒಳಗೇ ಇರುತ್ತದೆ, ಬೇರೆ ಪೆಟ್ಟಿಗೆ ಬೇಕಾಗುವುದಿಲ್ಲ. ಒಟ್ಟು 43,500. ಇನ್ನೊಬ್ಬರು ಬಳಸಿದ ವಸ್ತುವನ್ನು ಕೊಂಡುದರಿಂದ ಹೊಸ ಆರಂಭದ ಹಿಂಸೆಯೂ ಅಷ್ಟು ಕಡಮೆಯಾಯಿತೆಂದು ಹೇಳಬಹುದಾದರೂ, ಅಧ್ಯಾಪಕರು ಹಾಗೆ ಹೇಳಿಕೊಳ್ಳಲಿಲ್ಲ. ಹಣ ಉಳಿಸಲೆಂದೇ ಕೊಂಡರು. ಸ್ಪೀಕರುಗಳನ್ನು ಸರಿಸಿ ಸರಿಸಿ ನಾಲ್ಕನೆಯ ರವಿವಾರದ ಹೊತ್ತಿಗೆ ಮನಸೂರರು ಎರಡು ಪೆಟ್ಟಿಗೆಗಳೊಳಗಿಂದ ಹೊರಬಂದು ನಡುವೆ ಕುಳಿತು ಹಾಡಿದಂತಾಯಿತು. ತಂಬೂರಿ ಅವರ ಹಿಂದೆ ಕೇಳಿಸಿತು. ಅಣ್ಣನಿದ್ದಾಗ ಅಷ್ಟು ಸ್ಪಷ್ಟವಾಗಿ ಅದು ಕೇಳಿಸಿರಲಿಲ್ಲ.

ಮುಂದಿನ ಭಾದ್ರಪದದಲ್ಲಿ ಅವರು ಹಿಡಿದ ನಿಯಮವು ಹಣದ್ದಾಗಿರಲಿಲ್ಲ. ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ತಟ್ಟೆಯಂತ್ರಕ್ಕೆ ಬಟ್ಟೆ ಹೊದಿಸಿಡುವುದೆಂದು ನಿಶ್ಚಯಿಸಿದರು. ಕಿವಿಗೆ ಹತ್ತು ದಿನಗಳ ಉಪವಾಸ. ಮೂರನೆಯ ದಿನ ಬೆಳಗಿನ ಸಾಮಾಯಿಕದಲ್ಲಿ ಕಣ್ಣು ಮುಚ್ಚಿದೊಡನೆ ಹಿಂದಿನ ವಾರ ಕೇಳಿದ ರಾಗವೊಂದರ ಮುಖಡಾ ತಾನಾಗಿ ಬಂದು ನಿಂತಿತು. ದೂಡಿದಷ್ಟೂ ಮರಳಿತು. ಯಂತ್ರ ಬಾಯಿ ಮುಚ್ಚಿತ್ತು, ಹಾಡು ನಡೆದಿತ್ತು.

ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಅನುಸ್ಮೃತಿಯೂ ಒಂದು: ಅನುಭವಿಸಿದ ಸುಖವನ್ನು ಮರಳಿ ಮರಳಿ ನೆನೆಯುವುದು. ಅಂತೆಯೇ ಅಧ್ಯಾಪಕರಿಗೆ ಆ ದಿನ ಕಳವಳವಾಯಿತು. ಉಪವಾಸದ ಮಧ್ಯಾಹ್ನ ಅಡಿಗೆಮನೆಯ ಒಗ್ಗರಣೆಯ ವಾಸನೆ ಮೂಗಿಗೆ ಬಂದರೆ ಉಪವಾಸ ಕೆಡುವುದೆ? ಕೆಡದು, ಆದರೆ ಆ ವಾಸನೆಯ ಜಾಡು ಹಿಡಿದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಲ್ಲಬಾರದು. ಬಂದ ನೆನಪಿಗೂ ಕರೆಸಿಕೊಂಡ ನೆನಪಿಗೂ ನಡುವೆ ಗೆರೆಯೊಂದಿದೆ. ಅದನ್ನು ಹೊರಗಿನಿಂದ ಯಾರೂ ಎಳೆದು ತೋರಿಸಲಾರರು. ಮುಖಡಾ ಬಂದುದು ದೋಷವಲ್ಲವೆಂದೇ ಇಟ್ಟುಕೊಂಡರೂ, ಅದು ಬಂದಾಗ ಒಳಗೆ ಒಂದು ಕ್ಷಣ ಹಿತವಾಯಿತಲ್ಲ, ಆ ಕ್ಷಣವನ್ನು ಯಾವ ಲೆಕ್ಕದಲ್ಲಿ ಬರೆಯುವುದೆಂದು ಅವರಿಗೆ ಹೊಳೆಯಲಿಲ್ಲ. ಪರ್ವಕ್ಕೆ ಬಂದಿದ್ದ ಪಂಡಿತರನ್ನು ಕೇಳಿದಾಗ, ಪ್ರಾಯಶ್ಚಿತ್ತವಾಗಿ ಒಂದು ಮಾಲೆ ಣಮೋಕಾರವನ್ನು ಹೆಚ್ಚು ಜಪಿಸಬೇಕೆಂದರು. ಅದನ್ನು ಅವರು ಮಾಡಿದರು. ನಾಲ್ಕನೆಯ ದಿನ ಮುಖಡಾ ಮತ್ತೆ ಬಂತು.

ಕ್ಷಮಾವಣಿಯ ದಿನ ಅಧ್ಯಾಪಕರು ಕ್ಷಮೆ ಬೇಡುತ್ತ ಪಕ್ಕದ ಮನೆಗೂ ಹೋದರು. ಅಲ್ಲಿಯವರು ಜೈನರಲ್ಲ, ಒಬ್ಬಂಟಿಯಾಗಿರುವ ವೃದ್ಧೆ. ಎರಡು ಮನೆಗಳ ನಡುವೆ ಒಂದೇ ಗೋಡೆ, ಮಂದ್ರನಾದವು ಗೋಡೆಯನ್ನು ಸುಲಭವಾಗಿ ದಾಟುತ್ತದೆ. ವರ್ಷವಿಡೀ ಅದರಿಂದ ಆಕೆಗೆ ತೊಂದರೆಯಾಗಿದ್ದೀತೆಂಬ ಅಳುಕು ಅವರಿಗಿತ್ತು. ಅವರು ಮಾತು ಮುಗಿಸುವ ಮೊದಲೇ ಆಕೆ, ‘ಯಾಕ್ರೀ ಮಾಸ್ತರ, ಹತ್ತು ದಿನ ಹಾಡ ಹಚ್ಚಲೇ ಇಲ್ಲಲ್ಲ, ಮೈಯಾಗ ಆರಾಮ ಇದ್ದೀರಿಲ್ಲೋ?’ ಎಂದು ಕೇಳಿದಳು. ಅಧ್ಯಾಪಕರಿಗೆ ಕೂಡಲೆ ಉತ್ತರ ತೋಚಲಿಲ್ಲ. ಪರ್ವದ ವಿಷಯವನ್ನು ತಿಳಿಸಿ, ಇನ್ನು ಮುಂದೆ ಯಾವ ಹೊತ್ತಿನಲ್ಲಿ ಹಚ್ಚಿದರೆ ಅನುಕೂಲವೆಂದು ಆಕೆಯನ್ನೇ ಕೇಳಿದರು. ಸಂಜೆ ಆರರಿಂದ ಏಳರವರೆಗೆ ಎಂದು ಗೊತ್ತಾಯಿತು.